ನ್ಯೂ ಬೆಡ್‌ಫೋರ್ಡ್: ಇನ್ನೂ ಎಣ್ಣೆ ತೊಟ್ಟಿಕ್ಕುವ ಮೂಳೆಗಳ ಊರು

ಬಾಸ್ಟನ್‌ಗೆ ಬಂದ ನಮ್ಮವರು ನಯಾಗರಾ, ನ್ಯೂಯಾರ್ಕ್ ಅಂತ ಓಡುತ್ತಾರೆ. ನ್ಯೂ ಬೆಡ್‌ಫೋರ್ಡ್ ಕಡೆ ತಲೆ ಹಾಕುವವರು ಕಡಿಮೆ. 2025ರ ಮಾರ್ಚ್‌ನಲ್ಲಿ ಅಲ್ಲಿಗೆ ರೈಲು ಶುರುವಾದ ಮೇಲೆ ಕಾರೂ ಬೇಡ, ಸೌತ್ ಸ್ಟೇಷನ್‌ನಲ್ಲಿ ಹತ್ತಿ ಕೂತರೆ ಎರಡು ಗಂಟೆಯೊಳಗೆ ಊರು. ಅಣ್ಣನ ಮಗ ಬಾಸ್ಟನ್‌ನಲ್ಲೇ ಕೆಲಸದಲ್ಲಿದ್ದಾನೆ, ಅವನನ್ನೂ ಹೊರಡಿಸಿದೆ.

ಈಗ ನೋಡಿದರೆ ಸುಮ್ನೆ ಒಂದು ಮೀನುಗಾರಿಕೆ ಬಂದರು. ಆದರೆ 1857ರಲ್ಲಿ ಈ ಒಂದೇ ಊರಿಗೆ ಸೇರಿದ 329 ತಿಮಿಂಗಿಲ ಬೇಟೆಯ ಹಡಗುಗಳಿದ್ದವು, ಅವುಗಳಲ್ಲಿ ದುಡಿಯುತ್ತಿದ್ದವರು ಹತ್ತು ಸಾವಿರ ಜನ. ದೀಪ, ಮೇಣದಬತ್ತಿ, ಗಿರಣಿ ಯಂತ್ರದ ಎಣ್ಣೆ, ಹೆಂಗಸರ ಬಿಗಿ ಒಳಉಡುಪಿನ ಕಡ್ಡಿ, ಎಲ್ಲವೂ ತಿಮಿಂಗಿಲದಿಂದಲೇ. ಆ ದುಡ್ಡಿನಲ್ಲಿ ಊರು ಬೆಳೆಯಿತು.

ಕಲ್ಲು ಹಾಸಿನ ಏರು ಬೀದಿ ಹತ್ತಿದರೆ ಜಾನಿ ಕೇಕ್ ಹಿಲ್. ವೇಲಿಂಗ್ ಮ್ಯೂಸಿಯಂ ಇರುವುದು ಅಲ್ಲಿ. ಒಳಗೆ ಕಾಲಿಟ್ಟ ಕೂಡಲೇ ತಲೆಯ ಮೇಲೆ ಅಸ್ಥಿಪಂಜರಗಳು ತೂಗುತ್ತವೆ. ಅದರಲ್ಲಿ 66 ಅಡಿಯ ನೀಲಿ ತಿಮಿಂಗಿಲ ಒಂದು, ಹೆಸರು ಕೋಬೋ. ಇಷ್ಟು ಉದ್ದ ಇದ್ದರೂ ಇನ್ನೂ ಬೆಳೆಯುವ ವಯಸ್ಸಿನದಂತೆ! ಇದನ್ನು ಯಾರೂ ಬೇಟೆಯಾಡಿದ್ದಲ್ಲ. 1998ರಲ್ಲಿ ಟ್ಯಾಂಕರ್ ಹಡಗು ಡಿಕ್ಕಿ ಹೊಡೆದು ಸತ್ತದ್ದು. ಮೂಳೆಯನ್ನು ಎಷ್ಟು ತೊಳೆದು ಒಣಗಿಸಿದ್ದರೂ ಒಳಗಿನ ಎಣ್ಣೆ ಇವತ್ತಿಗೂ ಜಿನುಗುತ್ತಿದೆ. ಅದನ್ನು ಹಿಡಿಯಲು ಕೊಳವೆ ಇಳಿಸಿ ಕೆಳಗೆ ಗಾಜಿನ ಶೀಶೆ ಇಟ್ಟಿದ್ದಾರೆ. ಹತ್ತಿರ ಹೋಗಿ ನಿಂತೆ, ಕಂದು ಬಣ್ಣದ ಎಣ್ಣೆ ತಳದಲ್ಲಿ ಕೂತಿತ್ತು. ಸತ್ತು ಇಷ್ಟು ವರ್ಷವಾದ ಒಂದರಲ್ಲೇ ಇಷ್ಟಿದ್ದರೆ ಆಗ ಹಡಗುಗಟ್ಟಲೆ ಎಷ್ಟು ಬಂದಿರಬೇಡ?

ಪಕ್ಕದಲ್ಲೇ ಒಂದು ಹೆಣ್ಣು ರೈಟ್ ವೇಲ್, ಜೊತೆಗೆ ಅದರ ಹೊಟ್ಟೆಯಲ್ಲಿದ್ದ ಮರಿಯ ಪುಟ್ಟ ಮೂಳೆಗಳು. ಅದೂ ಹಡಗು ಬಡಿದೇ ಸತ್ತದ್ದು. ಈ ಜಾತಿ ನಿಧಾನವಾಗಿ ಈಜುತ್ತದೆ, ಸತ್ತರೆ ಮುಳುಗುವುದಿಲ್ಲ, ಬೇಟೆಗಾರರಿಗೆ ಇನ್ನೇನು ಬೇಕು? ಉತ್ತರ ಅಟ್ಲಾಂಟಿಕ್‌ನಲ್ಲಿ ಈಗ ಉಳಿದಿರುವುದು 400ಕ್ಕೂ ಕಡಿಮೆ.

ನನಗೆ ಜಾಸ್ತಿ ಹೊತ್ತು ಹಿಡಿದದ್ದು ಲಗೋಡಾ. ಅದೇ ಹೆಸರಿನ ಬೇಟೆ ಹಡಗಿನ ಅರ್ಧ ಅಳತೆಯ ಮಾದರಿ, 89 ಅಡಿ ಉದ್ದ. ಮಾಲೀಕ ಜೊನಾಥನ್ ಬೋರ್ನ್ ನೆನಪಿಗೆ ಮಗಳು ಎಮಿಲಿ ಕಟ್ಟಿಸಿದ್ದು. ಮೇಲೆ ಹತ್ತಬಹುದು, ಹತ್ತಿ ನೋಡಿ. ಡೆಕ್ ಮೇಲೆ ಇಟ್ಟಿಗೆ ಒಲೆ ಕಟ್ಟಿ ಎರಡು ಕಬ್ಬಿಣದ ಕೊಪ್ಪರಿಗೆ ಕೂರಿಸಿದ್ದಾರೆ. ಮರದ ಹಡಗಿನ ಮೇಲೆ ಒಲೆ! ಬೆಂಕಿಯ ಕಾವು ಹಲಗೆಗೆ ತಗಲದಿರಲಿ ಅಂತ ಒಲೆಯ ಅಡಿಯಲ್ಲಿ ನೀರು ನಿಲ್ಲಿಸುತ್ತಿದ್ದರು. ತಿಮಿಂಗಿಲದ ಕೊಬ್ಬನ್ನು ತೆಳ್ಳಗೆ ಕೊಯ್ದು ಕೊಪ್ಪರಿಗೆಗೆ ಹಾಕಿ ಕರಗಿಸುವುದು, ಎಣ್ಣೆ ಬಿಟ್ಟ ಮೇಲೆ ಉಳಿದ ಚರಟವನ್ನೇ ಒಲೆಗೆ ತುಂಬುವುದು. ನಮ್ಮ ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆಯನ್ನೇ ಉರುವಲು ಮಾಡುವ ಹಾಗೆ. ಸ್ಪರ್ಮ್ ತಿಮಿಂಗಿಲವಾದರೆ ಇನ್ನೂ ಲಾಭ, ತಲೆಯೊಳಗೇ ಸಾವಿರಕ್ಕೂ ಹೆಚ್ಚು ಲೀಟರ್ ಮೇಣದಂಥ ಎಣ್ಣೆ ಇರುತ್ತಿತ್ತು, ಅದನ್ನು ಬಕೆಟ್ಟಿನಲ್ಲಿ ಮೊಗೆಯುತ್ತಿದ್ದರು. (ನಮ್ಮ ಕರಾವಳಿ ಪೇಪರುಗಳಲ್ಲಿ ಆಗಾಗ "ತಿಮಿಂಗಿಲ ವಾಂತಿ ಸಾಗಾಟ, ಬಂಧನ" ಅಂತ ಬರುತ್ತದಲ್ಲ, ಆ ಅಂಬರ್‌ಗ್ರಿಸ್ ಕೂಡ ಇದರದ್ದೇ.)

ಸಂಬಳ ಅಂತ ಇರಲಿಲ್ಲ, ಪಾಲು. ಕ್ಯಾಪ್ಟನ್‌ಗೆ ಹದಿನೈದರಲ್ಲಿ ಒಂದು ಪಾಲಿನ ಆಸುಪಾಸು, ಹೊಸ ಹುಡುಗನಿಗೆ 175ರಲ್ಲಿ ಒಂದರ ಆಸುಪಾಸು. ಮೂರು ನಾಲ್ಕು ವರ್ಷ ಸಮುದ್ರದಲ್ಲಿ ಸುತ್ತಿ ಬಂದಾಗ ಹಡಗಿನ ಅಂಗಡಿಯಲ್ಲಿ ಸಾಲಕ್ಕೆ ತೆಗೆದುಕೊಂಡ ಅಂಗಿ, ತಂಬಾಕಿನ ಲೆಕ್ಕ ಮುರಿದುಕೊಳ್ಳುತ್ತಿದ್ದರು. ಕೆಲವರಿಗೆ ಕೈಗೆ ಏನೂ ಸಿಗುತ್ತಿರಲಿಲ್ಲ. "ಮಲ್ಪೆ ಬೋಟಿನಲ್ಲೂ ಪಾಲೇ ಅಲ್ವಾ ಚಿಕ್ಕಪ್ಪ?" ಅಂದ ಅಣ್ಣನ ಮಗ. ಪಾಲೇ, ಆದರೆ 175ರಲ್ಲಿ ಒಂದು ಅಂದರೆ ನಮ್ಮ ಬೋಟಿನವರು ಮರುದಿನ ಹತ್ತುವುದಿಲ್ಲ ಮಾರಾಯ ಅಂದೆ. ಮಾಲೀಕರ ಬಂಗಲೆಗಳು ಮೇಲಿನ ಬೀದಿಗಳಲ್ಲಿ ಈಗಲೂ ನಿಂತಿವೆ. ಬಲು ಚಂದ ಇವೆ. ನನಗೆ ಮಾತ್ರ ನೋಡುವಾಗೆಲ್ಲ ಆ ಪಾಲಿನ ಲೆಕ್ಕವೇ ತಲೆಯಲ್ಲಿ ಓಡುತ್ತಿತ್ತು.

ಲೈಬ್ರರಿ ಎದುರಿಗೆ ಲೂಯಿಸ್ ಟೆಂಪಲ್ ಎಂಬ ಕಪ್ಪು ಕಮ್ಮಾರನ ಪ್ರತಿಮೆ ಇದೆ. ಮೊದಲಿನ ಈಟಿ ಚುಚ್ಚಿದರೂ ತಿಮಿಂಗಿಲ ಒದ್ದಾಡುವಾಗ ಕಳಚಿಕೊಳ್ಳುತ್ತಿತ್ತು. 1848ರಲ್ಲಿ ಈತ ಮಾಡಿದ ಈಟಿಯ ಮೊನೆ ಒಳಗೆ ಹೋಗಿ ಹಗ್ಗ ಜಗ್ಗಿದರೆ ಅಡ್ಡ ತಿರುಗಿ ಕಚ್ಚಿಕೊಳ್ಳುತ್ತದೆ. ಬೇಟೆಗಾರರೆಲ್ಲ ಅದನ್ನೇ ಹಿಡಿದರು. ಪೇಟೆಂಟ್ ಮಾಡಿಸಿರಲಿಲ್ಲ, ಕಂಡಕಂಡವರು ನಕಲು ಮಾಡಿ ಮಾರಿದರು.

ಮ್ಯೂಸಿಯಂ ಎದುರು 1832ರ ಸೀಮೆನ್ಸ್ ಬೆಥೆಲ್ ಚರ್ಚ್. ಗೋಡೆ ತುಂಬ ಸಮುದ್ರದಲ್ಲಿ ಸತ್ತವರ ಕಲ್ಲು ಫಲಕಗಳು. ಹಡಗಿನ ಮೂತಿಯಂತಿರುವ ಪ್ರವಚನ ಪೀಠದ ಫೋಟೊ ಎಲ್ಲರೂ ಹೊಡೆಯುತ್ತಿದ್ದರು. ಅದು ಹಳೆಯದೇನಲ್ಲ, ತಿಮಿಂಗಿಲ ಬೇಟೆಯ ಕತೆಯ "ಮೋಬಿ ಡಿಕ್" ಸಿನಿಮಾದಲ್ಲಿ ಅಂಥ ಪೀಠ ನೋಡಿ ಬಂದವರು "ಎಲ್ಲಿದೆ, ಎಲ್ಲಿದೆ" ಅಂತ ಕೇಳುತ್ತಿದ್ದರೆಂದು 1961ರಲ್ಲಿ ಮಾಡಿಸಿ ಇಟ್ಟದ್ದು!

ಕರುಣೆ ಬಂದು ಬೇಟೆ ನಿಂತದ್ದಲ್ಲ. 1859ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಕಲ್ಲೆಣ್ಣೆ ಸಿಕ್ಕಿತು, ಸೀಮೆಎಣ್ಣೆ ಅಗ್ಗವಾಯಿತು. 1871ರಲ್ಲಿ ಅಲಾಸ್ಕದ ಉತ್ತರಕ್ಕೆ ಹೋಗಿದ್ದ 33 ಹಡಗುಗಳು ಮಂಜುಗಡ್ಡೆಗೆ ಸಿಕ್ಕಿಬಿದ್ದವು. ಹೆಂಗಸರು ಮಕ್ಕಳು ಸೇರಿ ಸಾವಿರದ ಇನ್ನೂರಕ್ಕೂ ಹೆಚ್ಚು ಜನ ಸಣ್ಣ ದೋಣಿಗಳಲ್ಲಿ ಪಾರಾದರು, ಒಬ್ಬರೂ ಸಾಯಲಿಲ್ಲ. ಆ ಹಡಗುಗಳಲ್ಲಿ ಹೆಚ್ಚಿನವು ಈ ಊರಿನವೇ. ದುಡ್ಡಿದ್ದವರು ಬಟ್ಟೆ ಗಿರಣಿಗೆ ಹೊರಳಿಕೊಂಡರು.

ಊಟಕ್ಕೆ ಪೋರ್ಚುಗೀಸ್ ಹೋಟೆಲ್ ಹುಡುಕಿ. ಬೇಟೆ ಹಡಗುಗಳು ಅಸೋರ್ಸ್, ಕೇಪ್ ವರ್ಡ್ ದ್ವೀಪಗಳಲ್ಲಿ ಆಳು ಹತ್ತಿಸಿಕೊಳ್ಳುತ್ತಿದ್ದವು, ಅವರ ಸಂತತಿ ಇಲ್ಲೇ ನೆಲೆಸಿದೆ. ಸಕ್ಕರೆ ಉದುರಿಸಿದ ಬಿಸಿ ಮಲಸಾಡಾ (ಎಣ್ಣೆಯಲ್ಲಿ ಕರಿದ ಹಿಟ್ಟಿನ ತಿಂಡಿ) ತಿಂದು ಬಂದರಿಗೆ ಇಳಿದೆವು. ಸಾಲಾಗಿ ಸ್ಕ್ಯಾಲಪ್ ಬೋಟುಗಳು. ಆ ಚಿಪ್ಪುಮೀನಿನ ದೆಸೆಯಿಂದ ಬೆಲೆಯ ಲೆಕ್ಕದಲ್ಲಿ ಅಮೆರಿಕದ ದೊಡ್ಡ ಮೀನು ಬಂದರುಗಳ ಸಾಲಿನಲ್ಲಿ ಇದು ಈಗಲೂ ಇದೆ.

ನಿಜವಾದ ಬೇಟೆ ಹಡಗನ್ನೇ ನೋಡಬೇಕು ಅನ್ನುವವರು ಕನೆಕ್ಟಿಕಟ್‌ನ ಮಿಸ್ಟಿಕ್‌ಗೆ ಹೋಗಬೇಕು. 1841ರಲ್ಲಿ ನ್ಯೂ ಬೆಡ್‌ಫೋರ್ಡ್‌ನಲ್ಲೇ ನೀರಿಗಿಳಿದ ಚಾರ್ಲ್ಸ್ ಡಬ್ಲ್ಯೂ. ಮಾರ್ಗನ್ ಅಲ್ಲಿ ನಿಂತಿದೆ. ಮ್ಯೂಸಿಯಂಗೆ ಮಾತ್ರ ಅರ್ಧ ದಿನವಾದರೂ ಇಟ್ಟುಕೊಳ್ಳಿ, ಏರು ಬೀದಿಯ ಕಲ್ಲುಗಳು ಜಾರುತ್ತವೆ, ಒಳ್ಳೆ ಬೂಟು ಹಾಕಿಕೊಂಡು ಹೋಗಿ.