ಕಡುಬು, ಕೋಳಿಸಾರು, ಒಂದು ಲೋಟ ವೈನ್

ತೀರ್ಥಹಳ್ಳಿಯಲ್ಲಿ ನಿನ್ನೆಯಿಂದ ಮಳೆ ಬಿಟ್ಟಿಲ್ಲ. ರಾತ್ರಿ ಅಕ್ಕ ಕಡುಬು, ಕೋಳಿಸಾರು ಮಾಡಿದ್ದಳು. ಕಾಳುಮೆಣಸು ನಮ್ಮ ತೋಟದ್ದೇ. ಭಾವ ತಂದಿದ್ದ ಕೆಂಪು ವೈನ್ ಒಂದು ಗುಟುಕು ಕುಡಿದದ್ದೇ ತಡ, ನಾಲಿಗೆಯ ಮೇಲೆ ಖಾರ ಭುಗಿಲೆದ್ದಿತು. ದ್ರಾಕ್ಷಿಯ ಸಿಪ್ಪೆ, ಬೀಜಗಳಿಂದ ಬರುವ ಟ್ಯಾನಿನ್ನಿನ ಒಗರು, ಜೊತೆಗೆ ಆಲ್ಕೋಹಾಲ್, ಎರಡೂ ಖಾರವನ್ನು ಕೆರಳಿಸುತ್ತವೆ. ಅಡಿಕೆ ಅಗಿಯುವ ನಮಗೆ ಆ ಒಗರು ಹೊಸದಲ್ಲ, ಅದರಲ್ಲಿರುವುದೂ ಟ್ಯಾನಿನ್ನೇ.

ಆಮೇಲೆ ತಣ್ಣಗಿಟ್ಟಿದ್ದ ಶೆನಿನ್ ಬ್ಲಾಂಕ್ ವೈನ್ ತೆರೆದೆವು. ಫ್ರಾನ್ಸಿನ ಲುವಾರ್ ಕಣಿವೆಯ ಈ ಬಿಳಿ ದ್ರಾಕ್ಷಿಯನ್ನು ಈಗ ನಾಸಿಕದಲ್ಲೂ ಬೆಳೆಯುತ್ತಾರೆ. ಅದರ ತುಸು ಸಿಹಿ ಖಾರವನ್ನು ತಣಿಸಿತು. ಮೆಣಸಿನ ಪರಿಮಳ ಉಳಿಯಿತು. ಎಷ್ಟು ಚೆಂದ! ಅಮಟೆಕಾಯಿ ಗೊಜ್ಜಿಗೆ ಅಮ್ಮ ಕೊನೆಯಲ್ಲಿ ಹಾಕುತ್ತಿದ್ದ ಬೆಲ್ಲದ ಚೂರು ನೆನಪಾಗಿ, ಇನ್ನೊಂದು ಕಡುಬು ಬಡಿಸಿಕೊಂಡೆ.