ಚೀನಾ ಜಗಳ, ಅಮೆರಿಕದ ಉಪ್ಪಿಟ್ಟು

ದಾವಣಗೆರೆ, 5 ಅಕ್ಟೋಬರ್ 2025, ಭಾನುವಾರ

ದಸರಾಕ್ಕೆ ಬಂದವರು ಇನ್ನೂ ಅರ್ಧ ಮಂದಿ ಹೊರಟಿಲ್ಲ. ಮನೆ ತುಂಬ ಜನ, ಮಾತು ಜಾಸ್ತಿ. ಇವತ್ತು ಸಂಜೆ ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟುಕೊಂಡು ಕೂತಾಗ ಎದ್ದ ಜಗಳ ಚೀನಾದ್ದು. ಅಲ್ಲಿಗೆ ನೇರ ವಿಮಾನ ಈ ತಿಂಗಳ ಕೊನೆಗೆ ಮತ್ತೆ ಶುರುವಾಗುತ್ತದೆ ಅಂತ ಗುರುವಾರ ಸರ್ಕಾರ ಹೇಳಿತಲ್ಲ, ಅದು. 2020ರಲ್ಲಿ ಕೊರೊನಾ ಅಂತ ನಿಂತದ್ದು, ಗಲ್ವಾನ್ ಗಡಿಯಲ್ಲಿ ಚೀನಾ ಸೈನ್ಯದ ಜೊತೆ ಹೊಡೆದಾಟ ಆದ ಮೇಲೆ ಹಾಗೇ ನಿಂತುಬಿಟ್ಟಿತ್ತು.

ದೊಡ್ಡಪ್ಪನಿಗೆ ಇದು ಸುತರಾಂ ಇಷ್ಟವಿಲ್ಲ. "ಅರವತ್ತೆರಡರಲ್ಲಿ ನಾವು ಹುಡುಗ್ರು ಡಬ್ಬಿ ಹಿಡ್ಕಂಡು ಮನೆಮನೆ ತಿರುಗಿ ರಕ್ಷಣಾ ನಿಧಿಗೆ ದುಡ್ಡು ಎತ್ತಿದ್ವಿ. ನಮ್ಮವ್ವ ಕಿವಿ ಓಲೆ ಬಿಚ್ಚಿ ಕೊಟ್ಲು. ಈಗ ವಿಮಾನ ಬಿಡ್ತಾರಂತೆ" ಅಂದರು. ತಂಗಿ ಮಗಳು ಹತ್ತನೇ ಕ್ಲಾಸು, ಬಾಯಿ ಜೋರು. "ಅಜ್ಜ, ಆಗ ನಮ್ಮಮ್ಮನೇ ಹುಟ್ಟಿರಲಿಲ್ಲ" ಅಂದಳು. ದೊಡ್ಡಪ್ಪ ಮಂಡಕ್ಕಿ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡರು.

ಇದನ್ನು ಬರೆದಿಡೋಣ ಅನ್ನಿಸಿದ್ದು ಅದಕ್ಕೇ. ನಮ್ಮ ಮನೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ದೇಶ, ಅವರು ಹದಿನೈದರ ಆಸುಪಾಸಿನಲ್ಲಿದ್ದಾಗ ಹೇಗೆ ಕಂಡಿತೋ ಹಾಗೇ ನಿಂತುಬಿಟ್ಟಿದೆ. ದೊಡ್ಡಪ್ಪನಿಗಿಂತ ಹಿರಿಯರು ಬೀದಿಯಲ್ಲಿ ಹಿಂದಿ ಚೀನಿ ಭಾಯಿ ಭಾಯಿ ಅಂತ ಕೂಗಿದವರು. ಎರಡೂ ದೇಶ ಶಾಂತಿಯಿಂದ ಇರೋಣ ಅಂದ ಪಂಚಶೀಲ ಒಪ್ಪಂದ ಆಗಿದ್ದು 1954ರಲ್ಲಿ. ಅಲ್ಲಿಂದ 1962ರ ಯುದ್ಧಕ್ಕೆ ಬರೀ ಎಂಟು ವರ್ಷ. ಆ ಎಂಟು ವರ್ಷದ ಗೆಳೆತನ ದೊಡ್ಡಪ್ಪನ ತಲೆಯಲ್ಲಿ ಇಲ್ಲವೇ ಇಲ್ಲ, ಯುದ್ಧ ಮಾತ್ರ ಇದೆ.

ಹಾಗಂತ ಸಿಟ್ಟು ಎಲ್ಲರಿಗೂ ಅಷ್ಟು ದಿನ ಬಾಳುವುದಿಲ್ಲ. 2020ರ ಜೂನ್‌ನಲ್ಲಿ ಗಲ್ವಾನ್‌ನಲ್ಲಿ ನಮ್ಮ 20 ಸೈನಿಕರು ಸತ್ತರು. ಅದೇ ತಿಂಗಳು ಟಿಕ್‌ಟಾಕ್ ಸೇರಿ 59 ಆ್ಯಪ್ ಬಂದ್. ಐಪಿಎಲ್ ಹೆಸರಿನ ಮುಂದಿದ್ದ ಚೀನಾದ ಫೋನ್ ಕಂಪನಿ ವಿವೊ ಆ ವರ್ಷ ಹಿಂದೆ ಸರಿಯಿತು. 2021ಕ್ಕೆ ಅದೇ ವಿವೊ ಮತ್ತೆ ಬಂತು, ನಾವೂ ಕೂತು ಮ್ಯಾಚ್ ನೋಡಿದೆವು. ಒಂದು ಸೀಸನ್ನಿನ ಸಿಟ್ಟು.

ಅಪ್ಪನ ದೇಶ ರಷ್ಯಾ. 1971ರಲ್ಲಿ ಅಪ್ಪನಿಗೆ ಹದಿನಾಲ್ಕು. ಆಗಸ್ಟ್‌ನಲ್ಲಿ ಸೋವಿಯತ್ ರಷ್ಯಾ ಜೊತೆ ಒಪ್ಪಂದ, ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಜೊತೆ ಯುದ್ಧ, ಅಮೆರಿಕದ ಎಂಟರ್‌ಪ್ರೈಸ್ ಯುದ್ಧನೌಕೆ ಬಂಗಾಳ ಕೊಲ್ಲಿಯ ಕಡೆ ಹೊರಟ ಸುದ್ದಿ. ಅಪ್ಪ ಇದನ್ನೆಲ್ಲ ನಿನ್ನೆ ನಡೆದಹಾಗೆ ಹೇಳುತ್ತಾರೆ. ಮೇಲೆ ಆ ದಪ್ಪ ರಟ್ಟಿನ ಅಗ್ಗದ ರಷ್ಯನ್ ಪುಸ್ತಕಗಳು. ಮಾಸ್ಕೋದಲ್ಲಿ ಅಚ್ಚಾಗಿ ಬಂದ ಭೌತಶಾಸ್ತ್ರದ ಪುಸ್ತಕ ನಮ್ಮ ಅಟ್ಟದ ಮೇಲೆ ಈಗಲೂ ಇದೆ, ಯಾರೂ ಓದುವುದಿಲ್ಲ, ರದ್ದಿಗೆ ಹಾಕಲೂ ಬಿಡುವುದಿಲ್ಲ.

ಆದರೆ ನನಗೆ ವಿಚಿತ್ರ ಅನ್ನಿಸುವುದು ಅಪ್ಪ ಮತ್ತು ಅಮೆರಿಕದ ವಿಷಯ. ಅಪ್ಪ ಪ್ರೈಮರಿ ಶಾಲೆಯಲ್ಲಿ ತಿಂದದ್ದು ಅಮೆರಿಕದಿಂದ ಬಂದ ಹಳದಿ ರವೆಯ ಉಪ್ಪಿಟ್ಟು, ಕುಡಿದದ್ದು ಅಲ್ಲಿನ ಹಾಲಿನ ಪುಡಿಯ ಹಾಲು. ಆ ಉಪ್ಪಿಟ್ಟಿನ ವಾಸನೆ ನೆನೆದರೆ ಈಗಲೂ ಬಾಯಲ್ಲಿ ನೀರು ಬರುತ್ತದೆ ಅಂತ ಅವರೇ ಹೇಳುತ್ತಾರೆ. ಊಟ ಕೊಟ್ಟ ದೇಶದ ಮೇಲೆ ಪ್ರೀತಿ ಹುಟ್ಟಬೇಕಿತ್ತು ಅಲ್ವಾ? ಹುಟ್ಟಲಿಲ್ಲ. ಕಾರಣ ಹುಡುಕಿದರೆ ಸಿಗುತ್ತದೆ. ಪಿಎಲ್ 480 ಅನ್ನುವ ಅಮೆರಿಕದ ಕಾಯ್ದೆಯಡಿ ಅಲ್ಲಿಂದ ನೆರವಿನ ಗೋಧಿ ಬರುತ್ತಿತ್ತು, ಹಡಗು ಬಂದರೆ ಊಟ ಅನ್ನುವ ಕಾಲ. 1965ರಿಂದ ಬರಗಾಲ ಬಿದ್ದಾಗ ಅಧ್ಯಕ್ಷ ಜಾನ್ಸನ್ ಆ ಗೋಧಿಯನ್ನು ತಿಂಗಳು ತಿಂಗಳಿಗೆ ಅಳೆದು ಬಿಡಲು ಶುರು ಮಾಡಿದರು. ನಮ್ಮ ಕೃಷಿ ನೀತಿ ಬದಲಾಗಬೇಕು ಅನ್ನುವುದು ಒಂದು ಕಾರಣ, ವಿಯೆಟ್ನಾಂ ಯುದ್ಧದ ಬಗ್ಗೆ ನಾವು ಆಡಿದ ಮಾತು ಇನ್ನೊಂದು. ಆಗಿನ ಪ್ರಧಾನಿ ಶಾಸ್ತ್ರಿಯವರು ಸೋಮವಾರ ರಾತ್ರಿ ಊಟ ಬಿಡಿ ಅಂತ ಕೇಳಿಕೊಂಡದ್ದೂ ಆ ದಿನಗಳಲ್ಲೇ. ಹಸಿದವನ ಎಲೆಗೆ ಬಡಿಸುತ್ತಾ "ಹೋದ ವಾರ ನನ್ನ ಬಗ್ಗೆ ಏನಂದೆ?" ಅಂತ ಕೇಳಿದ ಹಾಗೆ. ತಿಂದದ್ದು ಮರೆತುಹೋಗುತ್ತದೆ, ಕೇಳಿದ್ದು ಮರೆಯುವುದಿಲ್ಲ. ಇನ್ನು ಹೊಲದ ಬದುವಿನಲ್ಲಿ ಹಬ್ಬಿದ ಕಾಂಗ್ರೆಸ್ ಗಿಡ ಕೂಡ ಆ ಗೋಧಿ ಜೊತೆಗೇ ಬಂತು ಅನ್ನುವ ಮಾತು ನಮ್ಮ ಕಡೆ ಇದೆ. ಅದನ್ನು ಕೀಳುವಾಗಲೆಲ್ಲ ಅಮೆರಿಕಕ್ಕೆ ಒಂದು ಬೈಗುಳ ಗ್ಯಾರಂಟಿ.

ನನ್ನ ಅಮೆರಿಕ ಬೇರೆಯೇ. 1998ರಲ್ಲಿ ಪೋಖ್ರಾನ್ ಅಣು ಪರೀಕ್ಷೆ ಆದಾಗ ಅವರು ನಿರ್ಬಂಧ ಹಾಕಿದರು, ಸರಿ. ಎರಡೇ ವರ್ಷಕ್ಕೆ ಕ್ಲಿಂಟನ್ ರಾಜಸ್ಥಾನದ ಹಳ್ಳಿಯಲ್ಲಿ ಹೆಂಗಸರ ಜೊತೆ ಕುಣಿಯುತ್ತಿದ್ದರು, ನಾವು ಟಿವಿಯಲ್ಲಿ ನೋಡಿ ನಕ್ಕೆವು. ಆಗಲೇ ನಮ್ಮೂರಿನ ಇಂಜಿನಿಯರಿಂಗ್ ಕಾಲೇಜುಗಳಿಂದ ಹುಡುಗರು ಬೆಂಗಳೂರಿಗೆ, ಅಲ್ಲಿಂದ ಆ ಕಡೆಗೆ ಹಾರಲು ಶುರು ಮಾಡಿದ್ದರು. ದೊಡ್ಡಪ್ಪನ ಮಗನೇ ಡಲ್ಲಾಸ್‌ನಲ್ಲಿದ್ದಾನೆ. ದೊಡ್ಡಮ್ಮ ಹೋಗಿ ಬಂದ ಮೇಲೆ ಅಲ್ಲಿನ ರಸ್ತೆ, ಅಲ್ಲಿನ ಶಿಸ್ತು, ಅಲ್ಲಿನ ತರಕಾರಿ ಅಂತ ವರ್ಷಗಟ್ಟಲೆ ಹೊಗಳಿದರು. ಈ ಆಗಸ್ಟ್‌ನಲ್ಲಿ ನಮ್ಮ ಮಾಲಿನ ಮೇಲೆ 50 ಪರ್ಸೆಂಟ್ ಸುಂಕ ಬಿತ್ತು, ಸೆಪ್ಟೆಂಬರ್‌ನಲ್ಲಿ ಹೊಸ ಎಚ್1ಬಿ ಕೆಲಸದ ವೀಸಾ ಅರ್ಜಿಗೆ 1 ಲಕ್ಷ ಡಾಲರ್ ಅಂದರು. ಈಗ ದೊಡ್ಡಮ್ಮನ ಬಾಯಲ್ಲಿ "ಆ ದೇಶ ಕೆಟ್ಟೋಯ್ತಪ್ಪ". ರಸ್ತೆ ಅದೇ, ತರಕಾರಿಯೂ ಅದೇ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಅಮೆರಿಕದ ಗ್ಯಾಲಪ್ ಸಂಸ್ಥೆ ಬಹಳ ವರ್ಷದಿಂದ ಅಲ್ಲಿನ ಜನರನ್ನು ಯಾವ ದೇಶ ಇಷ್ಟ ಅಂತ ಕೇಳುತ್ತಾ ಬಂದಿದೆ. 1989ರ ಆರಂಭದಲ್ಲಿ ನೂರಕ್ಕೆ 72 ಮಂದಿಗೆ ಚೀನಾ ಇಷ್ಟ. ಜೂನ್‌ನಲ್ಲಿ ಬೀಜಿಂಗ್‌ನ ತಿಯಾನನ್ಮೆನ್ ಚೌಕದ ಪ್ರತಿಭಟನೆಯನ್ನು ಸೈನ್ಯ ಗುಂಡು ಹಾರಿಸಿ ಹತ್ತಿಕ್ಕಿತು, ಆಗಸ್ಟ್‌ಗೆ 34. ಫ್ರಾನ್ಸ್‌ದು ಇನ್ನೂ ಮಜಾ. ಇರಾಕ್ ಯುದ್ಧಕ್ಕೆ ಬರಲ್ಲ ಅಂದದ್ದಕ್ಕೆ 2002ರ 79ರಿಂದ 2003ಕ್ಕೆ 34ಕ್ಕೆ ಇಳಿಯಿತು. ಅಮೆರಿಕದ ಸಂಸತ್ತಿನ ಕ್ಯಾಂಟೀನಿನಲ್ಲಿ ಫ್ರೆಂಚ್ ಫ್ರೈಸ್ ಹೆಸರನ್ನೇ ಕಿತ್ತುಹಾಕಿದರು, ಎಂಥ ಹುಡುಗಾಟ! 2015ರ ಹೊತ್ತಿಗೆ ಅದೇ ಫ್ರಾನ್ಸ್ ಮತ್ತೆ 80 ದಾಟಿತ್ತು. ರಷ್ಯಾಕ್ಕೆ ಆ ಅದೃಷ್ಟ ಇಲ್ಲ. 2002ರಲ್ಲಿ 66 ಇದ್ದದ್ದು 2023ಕ್ಕೆ 9.

ಹಾಗಾದರೆ ಬಾಯಿಮಾತಿನ ಜಗಳ ಮರೆಯುತ್ತದೆ, ರಕ್ತ ಬಿದ್ದದ್ದು ಮರೆಯಲ್ಲ ಅನ್ನಬಹುದಾ? ನಾನೂ ಹಾಗೇ ಅಂದುಕೊಳ್ಳುತ್ತಿದ್ದೆನೇನೋ, ವಿಯೆಟ್ನಾಂ ಇಲ್ಲದಿದ್ದರೆ. ಅಷ್ಟು ಬಾಂಬು ತಿಂದ ದೇಶದಲ್ಲಿ 2017ರಲ್ಲಿ ಪ್ಯೂ ಸಂಸ್ಥೆ ಕೇಳಿದಾಗ ನೂರಕ್ಕೆ 84 ಮಂದಿ ಅಮೆರಿಕ ಚೆನ್ನಾಗಿದೆ ಅಂದರು. ಅಲ್ಲಿ ಜಾಸ್ತಿ ಮಂದಿ 1975ರಲ್ಲಿ ಯುದ್ಧ ಮುಗಿದ ಮೇಲೆ ಹುಟ್ಟಿದವರು. ಪಕ್ಕದಲ್ಲಿ ಚೀನಾ ಬೇರೆ ಇದೆಯಲ್ಲ, ಆ ಭಯಕ್ಕೂ ದೂರದ ಅಮೆರಿಕ ಚೆನ್ನಾಗಿ ಕಾಣುತ್ತದೆ. ಹೀಗಾಗಿ ಜನರ ಅಭಿಪ್ರಾಯ ಬದಲಾಯಿತು ಅನ್ನುವುದರಲ್ಲಿ ಅರ್ಧ, ಜನರೇ ಬದಲಾದರು ಅನ್ನುವುದು. ದೊಡ್ಡಪ್ಪ ಬದಲಾಗುವುದಿಲ್ಲ.

ಇನ್ನೊಂದು. 2022ರ ಮಾರ್ಚ್‌ನಲ್ಲಿ ಹಾವೇರಿ ಜಿಲ್ಲೆಯ ಹುಡುಗನೊಬ್ಬ ಉಕ್ರೇನ್‌ನ ಖಾರ್ಕಿವ್‌ನಲ್ಲಿ ರಷ್ಯಾದ ಶೆಲ್ ದಾಳಿಗೆ ಸತ್ತ. ಅಲ್ಲಿ ಮೆಡಿಕಲ್ ಓದುತ್ತಿದ್ದ. ದೇಹ ಊರಿಗೆ ಬಂದ ಮೇಲೆ ಮನೆಯವರು ಅದನ್ನು ನಮ್ಮ ದಾವಣಗೆರೆಯ ಮೆಡಿಕಲ್ ಕಾಲೇಜಿಗೇ ದಾನ ಕೊಟ್ಟರು. ಊರಿಗೆ ಊರೇ ಮರುಗಿತು. ಆದರೆ ಅದಕ್ಕಾಗಿ ರಷ್ಯಾವನ್ನು ಬೈದವರನ್ನು ನಾನು ಇಲ್ಲಿ ಕಾಣಲಿಲ್ಲ. ಸಿಟ್ಟೆಲ್ಲ ತಿರುಗಿದ್ದು ನಮ್ಮಲ್ಲಿನ ಮೆಡಿಕಲ್ ಸೀಟಿನ ರೇಟಿನ ಮೇಲೆ. ಅದು ಸರಿಯೋ ತಪ್ಪೋ ಬೇರೆ ಮಾತು. ಅದೇ ಯುದ್ಧ ಅಮೆರಿಕದಲ್ಲಿ ರಷ್ಯಾದ ಹೆಸರನ್ನು 9ಕ್ಕೆ ತಂದಿತು, ಇಲ್ಲಿ ಅಪ್ಪನಂಥವರ 1971 ಅಡ್ಡ ನಿಂತಿತು. ಅಪ್ಪನನ್ನು ಕೇಳಿದರೆ "ಯುದ್ಧ ಅಂದ್ಮೇಲೆ..." ಅಂತ ಮಾತು ತೇಲಿಸುತ್ತಾರೆ. ಅದೇ ಶೆಲ್ ಅಮೆರಿಕದ್ದಾಗಿದ್ದರೆ ತೇಲಿಸುತ್ತಿರಲಿಲ್ಲ, ನನಗೆ ಗೊತ್ತು.

ತಂಗಿ ಮಗಳಿಗೆ ಇದ್ಯಾವುದೂ ಬೇಡ. ಅವಳ ದೇಶ ಕೊರಿಯಾ. ಫೋನಿನಲ್ಲಿ ಸೀರಿಯಲ್ ನೋಡಿ ನೋಡಿ ಆ ಲಿಪಿಯಲ್ಲಿ ತನ್ನ ಹೆಸರು ಬರೆಯಲು ಕಲಿತಿದ್ದಾಳೆ, ಡಿಗ್ರಿ ಓದುವುದಾದರೆ ಸಿಯೋಲ್‌ನಲ್ಲೇ ಅಂತ ಹಟ. ಅವಳ ಪ್ರಕಾರ ಅಲ್ಲಿ ಎಲ್ಲ ಚೆಂದ. ದೊಡ್ಡಪ್ಪ ಕನ್ನಡಕದ ಮೇಲಿಂದ ನೋಡಿ "ಅದೂ ಚೀನಾ ಪಕ್ಕದಲ್ಲೇ ಅಲ್ಲೇನೇ?" ಅಂದರು. ತಂಗಿ ಕೇಳಿದ್ದು ಒಂದೇ, ಅಲ್ಲಿ ನಮ್ಮಂಥ ಸಸ್ಯಾಹಾರಿಗಳಿಗೆ ಊಟ ಸಿಗುತ್ತಾ ಅಂತ.