ತೊಂಬತ್ತರ ದಶಕದ ಆಟ ಗಟ್ಟಿ, ಈಗಿನದು ಮೆತ್ತಗೆ ಅನ್ನೋರಿಗೆ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಮಾತು ಬಂದರೆ ಸಾಕು, ನಮ್ಮ ಕಲಬುರಗಿಯ ಬಾಸ್ಕೆಟ್‌ಬಾಲ್ ಮಂದಿ ಎರಡು ಪಕ್ಷ ಆಗಿಬಿಡುತ್ತಾರೆ. ಒಂದು ಕಡೆ ಕೇಬಲ್ ಟಿವಿ ಬಂದ ಹೊಸದರಲ್ಲಿ ಮೈಕಲ್ ಜೋರ್ಡನ್ ಆಡುತ್ತಿದ್ದ ಶಿಕಾಗೊ ಬುಲ್ಸ್ ತಂಡವನ್ನು ನೋಡಿ ಬೆಳೆದವರು. ಇನ್ನೊಂದು ಕಡೆ ಮೊಬೈಲಿನಲ್ಲಿ, ದೂರದಿಂದ ಚೆಂಡು ಹಾಕೋದಕ್ಕೆ ಹೆಸರಾದ ಈಗಿನ ಆಟಗಾರ ಸ್ಟೆಫ್ ಕರಿಯ ತುಣುಕು ನೋಡಿ, ಕೋರ್ಟಿಗೆ ಬಂದ ಕೂಡಲೇ ಅರ್ಧ ಮೈದಾನದಿಂದ ಚೆಂಡು ಎಸೆಯುವ ಹುಡುಗರು. ನಮ್ಮ ಹಳೇ ಪಿ.ಟಿ. ಮಾಸ್ತರರು ಮೊದಲ ಪಕ್ಷದ ನಾಯಕರು. "ಇದೇನ್ ಆಟ ಅದ ತಮ್ಮಾ? ದೂರಿಂದ ಒಗಿಯೋದು, ತಪ್ಪಿದ್ರ ಓಡಿ ಹೋಗಿ ಮತ್ತ ದೂರಿಂದ ಒಗಿಯೋದು. ಜೋರ್ಡನ್ ಕಾಲದಾಗ ಇವ್ರು ಆಡಿದ್ರ ಎದ್ದು ಮನಿಗಿ ಹೋಗ್ತಿದ್ರು" ಅಂತಾರೆ. ಹುಡುಗರು ಅದಕ್ಕೆ, "ಸರ್, ಆಗಿನವ್ರಿಗಿ ಶೂಟಿಂಗೇ ಬರ್ತಿದ್ದಿಲ್ಲ ಬಿಡ್ರಿ" ಅಂತಾರೆ.

ಇಬ್ಬರ ಮಾತೂ ನನಗೆ ಒಪ್ಪಿಗೆ ಇಲ್ಲ. ಆಟಗಾರರ ಗಟ್ಟಿತನ, ಮೆತ್ತಗಿನತನ ಅಂತ ನಾವು ಬಡಿದಾಡುವುದರಲ್ಲಿ ಮುಕ್ಕಾಲು ಪಾಲು ನಿಯಮ ಪುಸ್ತಕದ ಕೆಲಸ. ಉಳಿದದ್ದು ಐದನೇ ಕ್ಲಾಸಿನ ಲೆಕ್ಕ.

ಮೊದಲು 'ಹಳೇ ಆಟ' ಅಂದರೆ ಯಾವುದು ಹೇಳಿ. ಎಲ್ಲರೂ ತಾವು ಹದಿನೈದು ವರ್ಷದವರಿದ್ದಾಗ ನೋಡಿದ್ದನ್ನೇ ಹಳೇ ಆಟ ಅಂತಾರೆ. ಇನ್ನೂ ಹಿಂದೆ ಹೋಗೋಣ. 1950ರ ನವೆಂಬರಿನಲ್ಲಿ ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ತಂಡವನ್ನು ಸೋಲಿಸಿತು. ಸ್ಕೋರು 19-18. ಪೂರ್ತಿ ಪಂದ್ಯದ ಸ್ಕೋರು ಅದು! ಲೇಕರ್ಸ್‌ನಲ್ಲಿ ಜಾರ್ಜ್ ಮೈಕನ್ ಅನ್ನೋ ದೈತ್ಯ ಇದ್ದ. ಅವನ ಕೈಗೆ ಚೆಂಡು ಸಿಗಬಾರದು ಅಂತ ಪಿಸ್ಟನ್ಸ್ ಆಟಗಾರರು ಚೆಂಡು ಹಿಡಿದುಕೊಂಡು ಸುಮ್ನೆ ನಿಂತರು. ಅದನ್ನು ತಡೆಯುವ ನಿಯಮವೇ ಆಗ ಇರಲಿಲ್ಲ. ಇಂಥ ಆಟ ನೋಡೋಕೆ ಟಿಕೆಟ್ ತಗೊಂಡು ಯಾರು ಬರ್ತಾರೆ? 1954-55ರಲ್ಲಿ 24 ಸೆಕೆಂಡಿನ ಶಾಟ್ ಕ್ಲಾಕ್ ಬಂತು, ಅಂದರೆ ಚೆಂಡು ಸಿಕ್ಕ ತಂಡ ಅಷ್ಟರೊಳಗೆ ರಿಂಗಿಗೆ ಎಸೆಯಲೇಬೇಕು. ಸಿರಾಕ್ಯೂಸ್ ತಂಡದ ಮಾಲೀಕ ಡ್ಯಾನಿ ಬಯಸೋನ್ ಇದನ್ನು ಹಚ್ಚಿಕೊಂಡು ಮಾಡಿಸಿದ. 24 ಎಲ್ಲಿಂದ ಬಂತು ಅಂದರೆ, ಒಳ್ಳೆಯ ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 120 ಶಾಟ್ ಹೊಡೆಯುತ್ತವೆ ಅಂತ ಅವನ ಅಂದಾಜು. 48 ನಿಮಿಷಕ್ಕೆ 2,880 ಸೆಕೆಂಡು. ಭಾಗಿಸಿ ನೋಡಿ.

ಆಮೇಲೆ ಆಟ ಎಷ್ಟು ಓಡಿತು ಅಂದರೆ, 1961-62ರಲ್ಲಿ ಒಂದೊಂದು ತಂಡ ಪಂದ್ಯಕ್ಕೆ ಸರಾಸರಿ 118ಕ್ಕಿಂತ ಜಾಸ್ತಿ ಅಂಕ ಗಳಿಸುತ್ತಿತ್ತು. 2023-24ರ ಸರಾಸರಿ 114. ಅಂದರೆ ಈಗಿನ ಆಟದಲ್ಲಿ ಸುಮ್ನೆ ಅಂಕ ಸುರಿಯುತ್ತೆ, ಆಗ ಹಾಗಿರಲಿಲ್ಲ ಅನ್ನೋ ಮಾತು ನಿಲ್ಲೋದೇ ಇಲ್ಲ. ಅದೇ ಸೀಸನ್ನಿನಲ್ಲಿ, 1962ರ ಮಾರ್ಚ್ 2ರಂದು, ವಿಲ್ಟ್ ಚೇಂಬರ್ಲೇನ್ ಒಂದೇ ಪಂದ್ಯದಲ್ಲಿ 100 ಅಂಕ ಹೊಡೆದ. ಆ ಸೀಸನ್ ಪೂರ್ತಿ ಅವನ ಸರಾಸರಿ 50.4. ಆಗ ಮೂರು ಅಂಕದ ಗೆರೆ (ಅದರ ಆಚೆಯಿಂದ ಹಾಕಿದರೆ ಎರಡರ ಬದಲು ಮೂರು ಅಂಕ) ಇರಲಿಲ್ಲ ಅನ್ನೋದು ನೆನಪಿರಲಿ.

ಈಗ ನಮ್ಮ ಮಾಸ್ತರರ ಕಾಲಕ್ಕೆ ಬನ್ನಿ. 1998-99ರಲ್ಲಿ ತಂಡಗಳ ಸರಾಸರಿ 91.6ಕ್ಕೆ ಇಳಿಯಿತು. 1998ರ ಫೈನಲ್ಸ್‌ನ ಮೂರನೇ ಪಂದ್ಯದಲ್ಲಿ ಯೂಟಾ ಜಾಝ್ ಗಳಿಸಿದ್ದು ಬರೀ 54 ಅಂಕ. ಬುಲ್ಸ್ 96. ಇದನ್ನು ಡಿಫೆನ್ಸ್‌ನ ವೈಭವ ಅಂತ ನೆನಪಿಸಿಕೊಳ್ಳುವವರು ಇದ್ದಾರೆ, ಇರಲಿ, ಬುಲ್ಸ್ ಡಿಫೆನ್ಸ್ ನಿಜವಾಗಿಯೂ ಭಾರೀ ಇತ್ತು. ಆದರೆ ಆ ಕಾಲದ ಪೂರ್ತಿ ಪಂದ್ಯಗಳನ್ನು ಈಗ ಕೂತು ನೋಡಿ. ಹೈಲೈಟ್ಸ್ ಅಲ್ಲ, ಪೂರ್ತಿ ಪಂದ್ಯ. ಮೂರು ಜನ ಆಟಗಾರರು ಒಂದು ಬದಿಗೆ ಹೋಗಿ ಸೊಂಟಕ್ಕೆ ಕೈ ಇಟ್ಟುಕೊಂಡು ನಿಂತಿರುತ್ತಾರೆ. ಇನ್ನೊಂದು ಬದಿಯಲ್ಲಿ ಒಬ್ಬ ಬೆನ್ನು ತಿರುಗಿಸಿ ಎದುರಾಳಿಯನ್ನು ನೂಕುತ್ತಾ ಇರುತ್ತಾನೆ.

ಅವರು ಹಾಗೆ ನಿಂತದ್ದು ಸೋಮಾರಿತನಕ್ಕಲ್ಲ. ಆಗ ಎನ್‌ಬಿಎಯಲ್ಲಿ ಝೋನ್ ಡಿಫೆನ್ಸ್, ಅಂದರೆ ಆಟಗಾರನ ಬದಲು ಒಂದು ಜಾಗವನ್ನು ಕಾಯೋದು, ಆಡುವ ಹಾಗಿರಲಿಲ್ಲ. ನಿನ್ನ ಮನುಷ್ಯ ಎಲ್ಲಿ ನಿಂತಿದ್ದಾನೋ ನೀನೂ ಅವನ ಹತ್ತಿರವೇ ಇರಬೇಕು, ಇಲ್ಲಾ ಚೆಂಡು ಇರುವವನ ಮೇಲೆ ನೇರವಾಗಿ ಹೋಗಬೇಕು. ನಡುವೆ ಎಲ್ಲೋ ಕಾದು ನಿಂತರೆ ಇಲ್ಲೀಗಲ್ ಡಿಫೆನ್ಸ್ ಅಂತ ಸೀಟಿ. ಹಾಗಾಗಿ ತಂಡಗಳು ಜನರನ್ನು ದೂರ ಕಳಿಸಿ, ಒಬ್ಬನಿಗೆ ಒಬ್ಬ ಅನ್ನೋ ಕುಸ್ತಿಯ ಅಖಾಡ ಮಾಡಿಕೊಡುತ್ತಿದ್ದವು. 2001-02ರಲ್ಲಿ ಆ ನಿಯಮ ಹೋಯಿತು. ಬದಲಿಗೆ ಯಾರನ್ನೂ ಕಾಯದೆ ರಿಂಗಿನ ಕೆಳಗೆ ಮೂರು ಸೆಕೆಂಡಿಗಿಂತ ಜಾಸ್ತಿ ನಿಲ್ಲಬಾರದು ಅಂತ ಬಂತು. ಈಗ ಲೆಬ್ರಾನ್ ಜೇಮ್ಸ್‌ನಂಥ ಆಟಗಾರ ಚೆಂಡಿನ ಜತೆ ರಿಂಗಿನತ್ತ ನುಗ್ಗಿದರೆ ಎರಡು ಮೂರು ಕಡೆಯಿಂದ ಮಂದಿ ಒಳಗೆ ಜರುಗುತ್ತಾರೆ. ಆ ಸಹಾಯ ಜೋರ್ಡನ್ ಎದುರು ನಿಂತವನಿಗೆ ಇಷ್ಟು ಸಲೀಸಾಗಿ ಸಿಗುತ್ತಿರಲಿಲ್ಲ. ಹೌದು, ಹಾಗೆ ತಡೆಯುವವನಿಗೆ ಬೇರೆ ಅನುಕೂಲ ಇತ್ತು. ಚೆಂಡು ಪುಟಿಸುತ್ತಾ ಬರುವವನ ಸೊಂಟದ ಮೇಲೆ ಕೈ ಇಟ್ಟು ದಾರಿ ತಪ್ಪಿಸಬಹುದಿತ್ತು, ರೆಫರಿಗಳು ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. 2004-05ರಿಂದ ಅದಕ್ಕೆ ಕಟ್ಟುನಿಟ್ಟು ಬಂತು. ಆಗ ಮೈಗೆ ಮೈ ತಾಗಿಸಿ ತಡೆಯುತ್ತಿದ್ದರು, ಈಗ ಕಾಲಿನಿಂದ ಮತ್ತು ತಲೆಯಿಂದ ತಡೆಯಬೇಕು. ನನ್ನ ಪ್ರಕಾರ ಎರಡನೆಯದೇ ಕಷ್ಟ. ಮಾಸ್ತರರು ಇದನ್ನು ಯಾವತ್ತೂ ಒಪ್ಪಲ್ಲ, ಗೊತ್ತು.

ಇದು ಬಾಸ್ಕೆಟ್‌ಬಾಲಿಗೆ ಮಾತ್ರ ಆದದ್ದಲ್ಲ. ನಮ್ಮ ಕಡೆ ಊರ ಜಾತ್ರೆಯಲ್ಲಿ ಮಣ್ಣಿನ ಮೇಲೆ ಕಬಡ್ಡಿ ನೋಡಿದವರಿಗೆ, 2014ರಲ್ಲಿ ಪ್ರೊ ಕಬಡ್ಡಿ ಶುರುವಾದಾಗ ಬೇರೆ ಆಟವನ್ನೇ ನೋಡಿದ ಹಾಗೆ ಆಗಿತ್ತು. ಮ್ಯಾಟ್, 30 ಸೆಕೆಂಡಿನ ರೈಡ್, ಎರಡು ರೈಡ್ ಖಾಲಿ ಹೋದರೆ ಮೂರನೆಯದು ಮಾಡು ಇಲ್ಲವೇ ಮಡಿ. ಕಾಲಹರಣ ಮಾಡಿ ಗೆಲ್ಲುವ ದಾರಿ ಮುಚ್ಚಿತು, ಆಟಗಾರರು ಬೇರೆ ಥರ ತಯಾರಾದರು. ಅವರನ್ನು ಮೆತ್ತಗಿನವರು ಅಂತ ಯಾರೂ ಅನ್ನಲಿಲ್ಲ.

ಇನ್ನು ಎಲ್ಲರ ಸಿಟ್ಟಿಗೆ ಕಾರಣವಾದ ತ್ರೀ ಪಾಯಿಂಟರ್, ಅಂದರೆ ಆ ಗೆರೆಯ ಆಚೆಯಿಂದ ಎಸೆಯುವ ಮೂರು ಅಂಕದ ಶಾಟ್. ಇದು ಎನ್‌ಬಿಎಗೆ ಬಂದದ್ದು 1979-80ರಲ್ಲಿ. ಆ ವರ್ಷ ಒಂದು ತಂಡ ಪಂದ್ಯಕ್ಕೆ ಮೂರು ಸಲವೂ ಪ್ರಯತ್ನಿಸುತ್ತಿರಲಿಲ್ಲ. ಸರಾಸರಿ 2.8. 2024-25ರಲ್ಲಿ ಅದು 37 ದಾಟಿದೆ. ಯಾಕೆ? ಲೆಕ್ಕ ಹಾಕಿ. ನೂರು ತ್ರೀ ಎಸೆದು 36 ಬಿದ್ದರೆ 108 ಅಂಕ. ಗೆರೆಯ ಒಳಗೆ ನಿಂತು ಅಷ್ಟೇ ಅಂಕ ಬರಬೇಕಾದರೆ ನೂರಕ್ಕೆ 54 ಬೀಳಬೇಕು. ರಿಂಗಿನಿಂದ ಹದಿನೆಂಟು ಅಡಿ ದೂರದಲ್ಲಿ, ಎದುರಿಗೆ ಒಬ್ಬ ಕೈ ಎತ್ತಿ ನಿಂತಿರುವಾಗ, ನೂರಕ್ಕೆ 54 ಹಾಕುವವರು ಜಗತ್ತಿನಲ್ಲಿ ಬೆರಳೆಣಿಕೆ ಮಂದಿ. ಇದು ತಿಳಿಯೋಕೆ ಕಂಪ್ಯೂಟರೇ ಬೇಕಾಗಿಲ್ಲ. ಆದರೂ ತಂಡಗಳು ಇದನ್ನು ಗಂಭೀರವಾಗಿ ತಗೊಳ್ಳೋಕೆ ಮೂವತ್ತು ವರ್ಷದ ಹತ್ತಿರ ಹಿಡಿಯಿತು ಅನ್ನೋದೇ ನನಗೆ ಆಶ್ಚರ್ಯ. ದೂರದಿಂದ ಎಸೆಯೋದು ಅಂದರೆ ಶಿಸ್ತಿಲ್ಲದವನ ಕೆಲಸ ಅಂತ ಕೋಚುಗಳ ತಲೆಯಲ್ಲಿ ಕೂತುಬಿಟ್ಟಿತ್ತು. ಜೋರ್ಡನ್ ತನ್ನ ವೃತ್ತಿಜೀವನದಲ್ಲಿ ಹಾಕಿದ ತ್ರೀಗಳು 581. ಕರಿ 2015-16ರ ಒಂದೇ ಸೀಸನ್ನಿನಲ್ಲಿ 402 ಹಾಕಿದ. ಜೋರ್ಡನ್‌ಗೆ ಬರುತ್ತಿರಲಿಲ್ಲ ಅಂತಲ್ಲ, ಅವನನ್ನು ಯಾರೂ ಅದಕ್ಕೆ ಕೇಳಲಿಲ್ಲ.

ನನಗೆ ಈಗಿನ ಆಟದಲ್ಲಿ ಜಾಸ್ತಿ ಇಷ್ಟವಾಗೋದು ಉದ್ದದವರ ಬದಲಾವಣೆ. ಮೊದಲು ಏಳು ಅಡಿ ಇದ್ದವನಿಗೆ ಒಂದೇ ಕೆಲಸ, ರಿಂಗಿನ ಹತ್ತಿರ ನಿಲ್ಲು. ಶಕೀಲ್ ಓ'ನೀಲ್ 19 ಸೀಸನ್ ಆಡಿ ಹಾಕಿದ ತ್ರೀ ಒಂದೇ ಒಂದು. ಅವನಿಗೆ ಅದರ ಅಗತ್ಯವೂ ಇರಲಿಲ್ಲ ಬಿಡಿ, ಅವನು ಹಿಂದೆ ಸರಿದರೆ ಎದುರಿನವನೂ ಜತೆಗೇ ಸರಿಯಬೇಕಿತ್ತು. ಬ್ರೂಕ್ ಲೋಪೆಜ್ ಕಥೆ ನೋಡಿ. ಮೊದಲ ಎಂಟು ಸೀಸನ್ನಿನಲ್ಲಿ ಅವನು ಹಾಕಿದ ತ್ರೀಗಳು ಒಟ್ಟು 3. ಒಂಬತ್ತನೇ ಸೀಸನ್ನಿನಲ್ಲಿ 134! ಇಪ್ಪತ್ತೆಂಟು ದಾಟಿದ, ಏಳು ಅಡಿಯ ಮನುಷ್ಯ, ಕೆಲಸ ಉಳಿಸಿಕೊಳ್ಳೋಕೆ ಹೊಸ ವಿದ್ಯೆಯನ್ನೇ ಕಲಿತ. ಇಂಥವರನ್ನು ಮೆತ್ತಗೆ ಅಂತ ಯಾವ ಬಾಯಲ್ಲಿ ಹೇಳೋದು? ನಿಕೊಲಾ ಯೋಕಿಚ್ ಬಗ್ಗೆ ಬರೆಯೋಕೆ ಕೂತರೆ ಬೇರೆ ಬರಹವೇ ಬೇಕು. ತಂಡಗಳು ಹೊಸಬರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ 41ನೆಯವನಾಗಿ ಬಂದವನು, ಜಿಗಿಯೋಕೂ ಸರಿಯಾಗಿ ಬರಲ್ಲ ಅನ್ನೋ ಹಾಗೆ ಕಾಣುತ್ತಾನೆ. 2024-25ರಲ್ಲಿ ಅಂಕ, ರೀಬೌಂಡ್ (ತಪ್ಪಿದ ಶಾಟಿನ ಚೆಂಡು ಹಿಡಿಯೋದು), ಅಸಿಸ್ಟ್ (ಅಂಕ ತರುವ ಪಾಸ್) ಮೂರರಲ್ಲೂ ಸರಾಸರಿ ಎರಡಂಕಿ ದಾಟಿದ. ಸೆಂಟರ್, ಅಂದರೆ ರಿಂಗಿನ ಹತ್ತಿರದ ಉದ್ದದವನ ಜಾಗದಲ್ಲಿ ಆಡುವವರಲ್ಲಿ ಹೀಗೆ ಮಾಡಿದ ಮೊದಲಿಗ ಅವನೇ. ವಿಚಿತ್ರ ಅಂದರೆ, ರಿಂಗಿನ ಹತ್ತಿರ ಬೆನ್ನು ತಿರುಗಿಸಿ ಆಡುವ ಹಳೇ ಪೋಸ್ಟ್ ಆಟ ನೋಡಬೇಕು ಅಂದರೆ ಈಗ ಹೋಗಬೇಕಾದದ್ದೂ ಅವನ ಹತ್ತಿರವೇ.

ಹಾಗಂತ ಮಾಸ್ತರರ ಬೇಸರ ಪೂರ್ತಿ ಸುಳ್ಳಲ್ಲ. 2018ರಲ್ಲಿ ಹ್ಯೂಸ್ಟನ್ ರಾಕೆಟ್ಸ್ ಫೈನಲ್ಸ್ ಬಾಗಿಲಿಗೆ ಬಂದು, ಗೋಲ್ಡನ್ ಸ್ಟೇಟ್ ಎದುರು ಏಳನೇ ಪಂದ್ಯದಲ್ಲಿ ಸತತ 27 ತ್ರೀ ತಪ್ಪಿಸಿದರು. ಸತತ ಇಪ್ಪತ್ತೇಳು! ನಡುವೆ ಒಬ್ಬನಾದರೂ ಚೆಂಡು ಹಿಡಿದು ಒಳಗೆ ನುಗ್ಗಿ ಫೌಲ್ ತಗೊಳ್ಳಬಾರದಿತ್ತಾ ಅಂತ ಅವತ್ತು ಟಿವಿ ಮುಂದೆ ಕೂತು ಕಿರುಚಿದ್ದು ನೆನಪಿದೆ. 2025ರ ಪ್ಲೇಆಫ್‌ನಲ್ಲಿ ಬಾಸ್ಟನ್ ಸೆಲ್ಟಿಕ್ಸ್ ಕೂಡ ನ್ಯೂಯಾರ್ಕ್ ಎದುರು 60 ತ್ರೀ ಎಸೆದು 45 ತಪ್ಪಿಸಿದರು. 20 ಅಂಕ ಮುಂದಿದ್ದ ಪಂದ್ಯ, ಓವರ್‌ಟೈಮಿನಲ್ಲಿ ಕೈಬಿಟ್ಟು ಹೋಯಿತು. ಸೀಸನ್ ಪೂರ್ತಿಗೆ ಲೆಕ್ಕ ಸರಿಯಾಗಿ ಬರುತ್ತೆ, ಒಪ್ಪೋಣ. ಒಂದು ರಾತ್ರಿಗೆ ಸರಿಯಾಗಿ ಬರಬೇಕು ಅಂತ ಏನೂ ಇಲ್ಲ. ಜತೆಗೆ ಮೂವತ್ತು ತಂಡಗಳೂ ಅದೇ ಲೆಕ್ಕ ಹಾಕಿದ ಮೇಲೆ ಎಲ್ಲರ ಆಟವೂ ಒಂದೇ ಥರ ಕಾಣತೊಡಗಿತು. ಮೊದಲು ಡೆಟ್ರಾಯಿಟ್ ಆಡುವ ರೀತಿ ಬೇರೆ, ಲೇಕರ್ಸ್ ಆಡುವ ರೀತಿ ಬೇರೆ ಇತ್ತು, ಜೆರ್ಸಿ ನೋಡದೆಯೂ ಗುರುತು ಹಿಡಿಯಬಹುದಿತ್ತು. ನನಗೆ ನಿಜವಾಗಿ ಕೊರತೆ ಅನ್ನಿಸೋದು ಇದೇ. 2025ರಲ್ಲಿ ಓಕ್ಲಹೋಮ ಸಿಟಿ ತಂಡ ಎನ್‌ಬಿಎ ಪ್ರಶಸ್ತಿ ಗೆದ್ದಾಗ ಖುಷಿಯಾಗಿದ್ದೂ ಇದಕ್ಕೇ. ಅವರ ಶೇ ಗಿಲ್ಜಸ್-ಅಲೆಕ್ಸಾಂಡರ್ ಎಲ್ಲರೂ ಬಿಟ್ಟುಬಿಟ್ಟ, ರಿಂಗಿಗೂ ತ್ರೀ ಗೆರೆಗೂ ಮಧ್ಯದ ಜಾಗದಲ್ಲಿ ನಿಂತು, ಕಾದು, ಮತ್ತೆ ಕಾದು, ನಿಧಾನಕ್ಕೆ ಶಾಟ್ ಹೊಡೆಯುತ್ತಾನೆ. ಆ ವರ್ಷದ ಎಂವಿಪಿ, ಅಂದರೆ ಲೀಗಿನ ಅತ್ಯುತ್ತಮ ಆಟಗಾರನೂ ಅವನೇ.

ಈಗ ನಮ್ಮ ಊರಿನ ಮಾತು. ಇಲ್ಲಿ ನಾವು ಆಡೋದು ಬಯಲಿನ ಸಿಮೆಂಟ್ ಕೋರ್ಟ್. ಮೇ ತಿಂಗಳಲ್ಲಿ ಹಗಲು 42 ಡಿಗ್ರಿ ಮುಟ್ಟಿದಾಗ ನೆಲದ ಮೇಲೆ ಕೈ ಇಡೋಕಾಗಲ್ಲ, ಆದ್ದರಿಂದ ಬೆಳಿಗ್ಗೆ ಬಿಸಿಲೇರುವ ಮುಂಚೆ, ಇಲ್ಲಾ ಹೊತ್ತು ಮುಳುಗುವಾಗ. ರಿಂಗಿಗೆ ನೆಟ್ ಇರಲ್ಲ. ತ್ರೀ ಗೆರೆ ಅರ್ಧ ಅಳಿಸಿಹೋಗಿದೆ, ಇದ್ದರೂ ಅದು ಅಂತರರಾಷ್ಟ್ರೀಯ ಅಳತೆಯ 6.75 ಮೀಟರಿನದು, ಎನ್‌ಬಿಎಯ 7.24 ಮೀಟರ್ ಅಲ್ಲ. ಆಷಾಢದ ಗಾಳಿ ಶುರುವಾದರಂತೂ ದೂರದಿಂದ ಬಿಟ್ಟ ಚೆಂಡು ಬೋರ್ಡಿನ ಪಕ್ಕಕ್ಕೆ ಹೋಗಿ ಬೀಳುತ್ತೆ. ಇಂಥಲ್ಲಿ ಕರಿಯ ಆಟ ಆಡೋಕೆ ಹೋದರೆ ಲೆಕ್ಕ ಉಲ್ಟಾ ಹೊಡೆಯುತ್ತೆ. ನೂರಕ್ಕೆ 36 ಬೀಳಲ್ಲ, 15 ಬಿದ್ದರೆ ಪುಣ್ಯ, ಅಂದರೆ 45 ಅಂಕ. ಮಾಸ್ತರರು ಕಲಿಸಿದ ಹಾಗೆ ರಿಂಗಿಗೆ ಬೆನ್ನು ಕೊಟ್ಟು ಚೆಂಡು ತಗೊಂಡು, ಒಂದು ಕಾಲು ಊರಿ, ತಿರುಗಿ ಹಾಕಿದರೆ ಎರಡರಲ್ಲಿ ಒಂದು ಬಿದ್ದೇ ಬೀಳುತ್ತೆ. ಭಾನುವಾರದ ಪಂದ್ಯದಲ್ಲಿ ಐವತ್ತು ದಾಟಿದ ಹೊಟ್ಟೆಯ ಕಾಕಾಗಳು ಇಪ್ಪತ್ತರ ಹುಡುಗರನ್ನು ಹೀಗೇ ಸೋಲಿಸುತ್ತಾರೆ, ಆಮೇಲೆ ಮಿರ್ಚಿ ಭಜಿ ತಿನ್ನುತ್ತಾ ಅದನ್ನು ಜೋರ್ಡನ್ ಕಾಲದ ಹೆಚ್ಚುಗಾರಿಕೆ ಅಂತ ಹೇಳಿಕೊಳ್ಳುತ್ತಾರೆ. ಗೆದ್ದದ್ದು ಗಾಳಿ ಕಾಕಾ, ಅಂತ ಹೇಳಿದರೆ ಸಿಟ್ಟು ಬರುತ್ತೆ.

ಹುಡುಗರಿಗೆ ಒಂದು ಮಾತು. ಕರಿ ಆ ದೂರದಿಂದ ಎಸೆಯೋದನ್ನಷ್ಟೇ ನೋಡಬೇಡಿ. ಚೆಂಡು ಕೈಯಲ್ಲಿ ಇಲ್ಲದಾಗ ಅವನು ಎಷ್ಟು ಓಡುತ್ತಾನೆ, ಯಾರ ಹಿಂದೆ ಹಾದು ಹೋಗುತ್ತಾನೆ, ಯಾರು ಅವನಿಗೆ ಅಡ್ಡ ನಿಂತು ದಾರಿ ಮಾಡಿಕೊಡುತ್ತಾರೆ ಅನ್ನೋದು ಮೊಬೈಲಿನ ಹತ್ತು ಸೆಕೆಂಡಿನ ತುಣುಕಿನಲ್ಲಿ ಬರಲ್ಲ.

ನನ್ನನ್ನು ಕೇಳಿದರೆ ಎನ್‌ಬಿಎ ಒಂದೇ ಒಂದು ಬದಲಾವಣೆ ಮಾಡಲಿ, ಮೂಲೆಯ ತ್ರೀ ತೆಗೆಯಲಿ. ಕಮಾನಿನ ಹಾಗೆ ಬಾಗಿದ ಕಡೆ ತ್ರೀ ಗೆರೆ ರಿಂಗಿನಿಂದ 23 ಅಡಿ 9 ಅಂಗುಲ ದೂರ ಇದೆ, ಮೂಲೆಯಲ್ಲಿ ಮಾತ್ರ 22 ಅಡಿ. ಕೋರ್ಟಿನ ಅಗಲ 50 ಅಡಿ, ರಿಂಗ್ ನಟ್ಟ ನಡುವೆ, ಅಂದರೆ ಎರಡೂ ಬದಿಗೆ 25 ಅಡಿ. ಮೂಲೆಯಲ್ಲೂ ಪೂರ್ತಿ ದೂರ ಇಟ್ಟರೆ ಗೆರೆಯ ಆಚೆ ಹದಿನೈದು ಅಂಗುಲ ಉಳಿಯುತ್ತೆ, ಈ ಏಳಡಿಯವರು ಅಲ್ಲಿ ಸರಿಯಾಗಿ ನಿಲ್ಲೋಕೂ ಆಗಲ್ಲ. ಜಾಗ ಸಾಲದ್ದಕ್ಕೆ ಕೊಟ್ಟ ಈ ರಿಯಾಯಿತಿಯನ್ನೇ ಎಲ್ಲ ತಂಡಗಳೂ ಹಿಡಿದುಕೊಂಡು, ಪ್ರತಿ ಸಲ ಇಬ್ಬರನ್ನು ಮೂಲೆಗೆ ನಿಲ್ಲಿಸಿಬಿಡುತ್ತವೆ. ಕಮಾನು ಮೂಲೆಗೆ ಬರುವ ಮುಂಚೆಯೇ ಮುಗಿಯಲಿ, ಮೂಲೆಯಲ್ಲಿ ಹಾಕಿದರೆ ಎರಡೇ ಅಂಕ. ಆಗ ಆ ಇಬ್ಬರು ಎಲ್ಲಿಗೆ ಹೋಗುತ್ತಾರೆ, ರಿಂಗಿನ ಕಡೆ ಒಳಗೆ ಓಡುತ್ತಾರೋ, ರಿಂಗಿಗೆ ಬೆನ್ನು ಕೊಟ್ಟು ಆಡೋಕೆ ಪೋಸ್ಟಿಗೆ ಬರುತ್ತಾರೋ, ಪ್ರತಿ ತಂಡವೂ ತನ್ನದೇ ಉತ್ತರ ಹುಡುಕಲಿ. ಇದನ್ನು ಮಾಸ್ತರರಿಗೆ ಹೇಳಿದೆ. "ಅದನ್ಯಾಕ್ ತೆಗೀತಿ, ಪೂರಾ ಗೆರಿನೇ ತೆಗಿ" ಅಂದರು.